ತಿಪ್ಪೆ ಮಾಗಲಿ

ಶನಿವಾರ ಸಂಜೆ ಗೊರಗುಂಟೆಪಾಳ್ಯದ ಬಸ್ ಸ್ಟಾಪ್ ನೋಡಿದ್ದೀರಾ? ಕಾಲಿಡಲು ಜಾಗ ಇರುವುದಿಲ್ಲ. ಮೇಲೆ ಮೆಟ್ರೊ ರೈಲು. ಅದು ಬಂದದ್ದು 2014ರಲ್ಲಿ. ಕೆಳಗೆ ತುಮಕೂರು ರಸ್ತೆ. ನೆಲಮಂಗಲ, ದಾಬಸ್‌ಪೇಟೆ, ಕುಣಿಗಲ್ ಕಡೆಯ ಬಸ್ಸಿಗೆ ಹೆಂಗಸರು ಕಾಯುತ್ತಾ ನಿಂತಿರುತ್ತಾರೆ. ಕೈಯಲ್ಲೊಂದು ಬ್ಯಾಗು. ಕಂಕುಳಲ್ಲಿ ಮಗು. ವಾರವೆಲ್ಲ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ. ಭಾನುವಾರ ಊರಿನ ಹೊಲ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕಂದಿರೂ ಹೀಗೆಯೇ. ಒಂದು ಕಾಲು ಪೇಟೆಯಲ್ಲಿ, ಒಂದು ಕಾಲು ಹಳ್ಳಿಯಲ್ಲಿ.

ಶಿವರಾತ್ರಿ ಕಳೆದ ಮೇಲೆ ಒಬ್ಬ ಅಕ್ಕ ಒಂದು ವಾರ ಬರಲಿಲ್ಲ. ಆಮೇಲೆ ಬಂದಳು. ಕುಂಟುತ್ತಾ ಬಂದಳು.

"ಯಾಕಕ್ಕ, ಕಾಲಿಗೇನಾಯ್ತು?"

"ಊರಿಗೆ ಹೋಗಿದ್ದೆ ಮೇಡಂ. ಹೊಲಕ್ಕೆ ಗೊಬ್ಬರ ಹೊಡೀತಿದ್ವಿ. ತಿಪ್ಪೇಲಿ ಬಾಟ್ಲಿ ಚೂರಿತ್ತು. ನೋಡ್ಲಿಲ್ಲ. ಹೊಕ್ಕೊಂಡ್ತು."

"ಆಸ್ಪತ್ರೆಗೆ ಹೋದ್ಯಾ?"

"ಇಲ್ಲ. ಅರಿಶಿನ ಹಾಕಿ ಬಟ್ಟೆ ಕಟ್ಕೊಂಡೆ. ನಮ್ಮತ್ತೆ ಸಗಣಿ ಮೆತ್ತು ಅಂದ್ರು. ಮೆತ್ತಿದೆ."

ಮೊದಲು ಅವಳನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿದೆವು. ಗಾಯ ತೊಳೆದು ಇಂಜೆಕ್ಷನ್ ಕೊಟ್ಟರು. ಮರುದಿನ ತರಗತಿಯಲ್ಲಿ ಹೊಸ ಪಾಠ ತೆಗೆಯಲಿಲ್ಲ. ಹಲಗೆಯ ಮೇಲೆ ಎರಡು ಪದ ಬರೆದೆವು. ತಿಪ್ಪೆ. ಗೊಬ್ಬರ. ಎರಡರಲ್ಲೂ ಒತ್ತಕ್ಷರ ಇದೆ. ಎಲ್ಲರೂ ಬರೆದರು. ಆಮೇಲೆ ಮಾತು ಶುರುವಾಯಿತು. ಅವತ್ತಿನ ಮಾತೇ ಈ ಪಾಠ.

ಗೊಬ್ಬರ ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ. ಕೊಟ್ಟಿಗೆ ಗೊಬ್ಬರ ಇಲ್ಲದೆ ರಾಗಿ ಹೊಲ ಸೊರಗುತ್ತದೆ. ಹೆಬ್ಬಾಳದಾಚೆಯ ಜಿಕೆವಿಕೆಯಲ್ಲಿ, ಅಂದರೆ ಕೃಷಿ ವಿಶ್ವವಿದ್ಯಾಲಯದಲ್ಲಿ, 1978ರಿಂದ ವರ್ಷ ವರ್ಷವೂ ಇದನ್ನು ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಬರೀ ಸರ್ಕಾರಿ ಗೊಬ್ಬರ ಹಾಕಿದ ಹೊಲಕ್ಕಿಂತ, ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಿ ಹಾಕಿದ ಹೊಲದಲ್ಲಿ ರಾಗಿ ಚೆನ್ನಾಗಿ ಬಂತು. ಇದು ನಮ್ಮ ಅಜ್ಜಿಯರಿಗೆ ಪರೀಕ್ಷೆ ಇಲ್ಲದೆಯೂ ಗೊತ್ತಿತ್ತು.

ತೊಂದರೆ ಇರುವುದು ಹಸಿ ಗೊಬ್ಬರದಲ್ಲಿ.

ಹಸಿ ಸಗಣಿಯಲ್ಲಿ ಭೇದಿ ತರುವ ಕ್ರಿಮಿಗಳು ಇರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಹಸು ಗಟ್ಟಿಮುಟ್ಟಾಗಿದ್ದರೂ ಅದರ ಹೊಟ್ಟೆಯಲ್ಲಿ ಅವು ಇರಬಹುದು. ಹಸಿ ಗೊಬ್ಬರವನ್ನು ಕೊತ್ತಂಬರಿ ಮಡಿಗೆ ಹಾಕುತ್ತೀರಿ. ಮಳೆ ಬಂದಾಗ ಮಣ್ಣು ಸೊಪ್ಪಿಗೆ ಸಿಡಿಯುತ್ತದೆ. ಸೊಪ್ಪು ಕಿತ್ತು, ಅರ್ಧಂಬರ್ಧ ತೊಳೆದು, ಹಸಿಯಾಗಿ ಕೋಸಂಬರಿಗೆ ಹಾಕುತ್ತೀರಿ. ಕ್ರಿಮಿ ತಟ್ಟೆಗೆ ಬಂತು.

ಜಂತುಹುಳುವಿನ ಕಥೆ ಬೇರೆ. ಅದು ಹಸುವಿನಿಂದ ಬರುವುದಲ್ಲ, ಮನುಷ್ಯರಿಂದ ಮನುಷ್ಯರಿಗೆ ಬರುವುದು. ಎಷ್ಟೋ ಕಡೆ ಮಕ್ಕಳನ್ನು ತಿಪ್ಪೆಯ ಪಕ್ಕದಲ್ಲೇ ಕೂರಿಸುತ್ತೇವೆ. "ಅಯ್ಯೋ, ಮಗು ತಾನೇ" ಅನ್ನುತ್ತೇವೆ. ಆ ಮಲದಲ್ಲಿ ಹುಳುವಿನ ಮೊಟ್ಟೆ ಇರುತ್ತದೆ. ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಬಿಸಿಲಿಗೆ ಒಣಗಿದ ಮಾತ್ರಕ್ಕೆ ಎಲ್ಲವೂ ಸಾಯುವುದಿಲ್ಲ. ಅಂಗನವಾಡಿಯಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. ತಪ್ಪದೆ ಕೊಡಿಸಿ. ಆದರೆ ತಿಪ್ಪೆ ಹಾಗೇ ಇದ್ದರೆ, ಮಾತ್ರೆಯಿಂದ ಹೋದ ಹುಳು ಮತ್ತೆ ಬರುತ್ತದೆ.

ಈಗ ಕಾಲಿನ ಗಾಯಕ್ಕೆ ಬರೋಣ. ಸಗಣಿಯಲ್ಲಿ, ಮಣ್ಣಿನಲ್ಲಿ ಧನುರ್ವಾಯುವಿನ ಬೀಜ ಇರುತ್ತದೆ. ಗಾಯದ ಒಳಗೆ ಹೋದರೆ ಅದು ಬೆಳೆಯುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ. ಮೈ ಬಿಲ್ಲಿನ ಹಾಗೆ ಬಾಗುತ್ತದೆ. ಹಿಂದೆ ಕೆಲವು ಕಡೆ ಹಸುಗೂಸಿನ ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚುತ್ತಿದ್ದರು. ಎಷ್ಟು ಕೂಸುಗಳು ಹಾಗೆ ಹೋದವೋ. ಆಮೇಲೆ ಬಸುರಿಯರಿಗೆ ಇಂಜೆಕ್ಷನ್ ಬಂತು. ಆಸ್ಪತ್ರೆಯಲ್ಲಿ ಹೆರಿಗೆ ಹೆಚ್ಚಾಯಿತು. ಬಾಣಂತಿ ಮತ್ತು ಹಸುಗೂಸಿನ ಧನುರ್ವಾಯುವನ್ನು ಭಾರತ ಗೆದ್ದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದೊಡ್ಡ ಮಾತು ಅದು. ಆದರೆ ಬೀಜ ಮಣ್ಣಿನಿಂದ ಹೋಗಿಲ್ಲ. ಹೋಗುವುದೂ ಇಲ್ಲ. ಗಾಯಕ್ಕೆ ಸಗಣಿ ಬೇಡ. ಸೋಪು, ಶುದ್ಧ ನೀರು, ಆಮೇಲೆ ಇಂಜೆಕ್ಷನ್.

ಒಬ್ಬ ಅಜ್ಜಿ ಕೇಳಿದರು. "ನಮ್ಮ ಕಾಲ್ದಲ್ಲಿ ಸಗಣೀಲೇ ಮನೆ ಸಾರಿಸ್ತಿದ್ವಿ. ಏನೂ ಆಗ್ಲಿಲ್ವಲ್ಲ?"

ಸರಿಯಾದ ಪ್ರಶ್ನೆಯೇ. ಎಲ್ಲರಿಗೂ ಆಗುವುದಿಲ್ಲ ಅಜ್ಜಿ. ಆದವರು ಹೇಳಲು ಉಳಿಯಲಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಎರಡ್ನೇ ಮಗು ಹಂಗೇ ಹೋಯ್ತು," ಅಂದರು.

ಇನ್ನೊಂದು ದಾರಿ ನೀರು. ಇದು ಊರಿಗೇ ಬರುವ ಕೇಡು.

ಕೆನಡಾ ದೇಶದಲ್ಲಿ ವಾಕರ್ಟನ್ ಅಂತ ಒಂದು ಸಣ್ಣ ಊರು. ಜನ ಸುಮಾರು 5,000. ಊರಿಗೆ ನೀರು ಕೊಡುವ ಒಂದು ಬಾವಿಯ ಪಕ್ಕದಲ್ಲಿ ಹೊಲ. ರೈತ ಹೊಲಕ್ಕೆ ದನದ ಗೊಬ್ಬರ ಹಾಕಿದ. 2000ದ ಮೇ ತಿಂಗಳು ಜೋರು ಮಳೆ ಬಂತು. ಗೊಬ್ಬರದ ಕ್ರಿಮಿ ನೀರಿನ ಜೊತೆ ಇಳಿದು ಬಾವಿ ಸೇರಿತು. ನೀರಿಗೆ ಕ್ಲೋರಿನ್ ಹಾಕುವವರು ಸರಿಯಾಗಿ ಹಾಕಿರಲಿಲ್ಲ. ಸುಮಾರು 2,300 ಜನಕ್ಕೆ ಕಾಯಿಲೆ ಬಂತು. 7 ಜನ ಸತ್ತರು. ವಿಚಾರಣೆ ನಡೆಯಿತು. ರೈತನ ತಪ್ಪಿಲ್ಲ ಎಂದರು. ಅವನು ಎಲ್ಲರ ಹಾಗೆಯೇ ಗೊಬ್ಬರ ಹಾಕಿದ್ದ. ಬಾವಿ ಆಳ ಇರಲಿಲ್ಲ, ಹೊಲಕ್ಕೆ ತೀರಾ ಹತ್ತಿರ ಇತ್ತು. ಅಷ್ಟೇ. ಅಷ್ಟು ಸಾಕಾಯಿತು.

ದೂರದ ದೇಶದ ಮಾತು ಬಿಡಿ ಅನ್ನಬೇಡಿ. ಇಲ್ಲೇ ಯಲಹಂಕದಾಚೆ ಮಾವಳ್ಳಿಪುರ ಇದೆ. ಅಲ್ಲಿ ಬೆಂಗಳೂರಿನ ಕಸ ತಂದು ಬೆಟ್ಟದಂತೆ ಸುರಿದರು. ಕೊಳೆತ ಕಸದ ರಸ ನೆಲಕ್ಕೆ ಇಳಿಯಿತು. ನೀರು ಕೆಟ್ಟಿತು. ಊರಿನವರು ಎದುರು ನಿಂತರು. 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ನಮ್ಮ ತಿಪ್ಪೆ ಅಷ್ಟು ದೊಡ್ಡದಲ್ಲ, ನಿಜ. ಆದರೆ ಅದರ ರಸವೂ ಕೆಳಗೇ ಇಳಿಯುತ್ತದೆ.

ಆ ರಸದಲ್ಲಿ ನೈಟ್ರೇಟ್ ಎಂಬ ಒಂದು ಉಪ್ಪು ಇರುತ್ತದೆ. ಬೆಳೆಗೆ ಅದು ಊಟ. ಕೂಸಿಗೆ ಅದು ವಿಷ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 45 ಮಿಲಿಗ್ರಾಂ ದಾಟಬಾರದು. ಅದು ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಮಗುವಿಗೆ ಕುಡಿಸಿದರೆ, ಮಗುವಿನ ರಕ್ತಕ್ಕೆ ಉಸಿರು ಹೊರುವ ಶಕ್ತಿ ಕಡಿಮೆಯಾಗುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. ಇಲ್ಲೊಂದು ಮಾತು ಗಮನ ಇಟ್ಟು ಓದಿ. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತದೆ. ನೈಟ್ರೇಟ್ ಹೋಗುವುದಿಲ್ಲ. ಕುದಿದು ನೀರು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆದ್ದರಿಂದ ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಯನ್ನು ಕೇಳಿ. ಬರೆದು ಕೇಳಿ. ಈಗ ನಿಮಗೆ ಬರೆಯಲು ಬರುತ್ತದೆ.

ನೆಲಮಂಗಲದ ಕಡೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ, ಗೊತ್ತಾ? ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿ ಹೊಳೆ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಬೆಂಗಳೂರಿಗೆ ನೀರು ಕೊಡಲು ಅಲ್ಲಿ 1930ರ ದಶಕದಲ್ಲಿ ಕಟ್ಟೆ ಕಟ್ಟಿದರು. ಊರಿನ ಹೊಲದಿಂದ ಕೊಚ್ಚಿ ಬಂದದ್ದು ಪೇಟೆಯ ಕಡೆಗೇ ಹರಿಯುತ್ತದೆ. ದಾರಿಯಲ್ಲಿ ಕೆರೆಗಳು. ಗೊಬ್ಬರದ ಸತ್ವ ಕೆರೆಗೆ ಬಿದ್ದರೆ ಪಾಚಿ, ಕತ್ತೆಕಿವಿ ಸೊಪ್ಪು ಹಬ್ಬುತ್ತವೆ. ಅವು ಕೊಳೆತಾಗ ಮೀನಿಗೆ ಉಸಿರು ಸಿಗುವುದಿಲ್ಲ.

"ಹಂಗಾದ್ರೆ ಏನ್ಮಾಡೋದು ಮೇಡಂ? ಗೊಬ್ಬರ ಬಿಡೋಕಾಗುತ್ತಾ?"

ಬಿಡಬೇಡಿ. ಮಾಗಿಸಿ.

ಇದಕ್ಕೆ ದಾರಿ ಹುಡುಕಿದ್ದು ನಮ್ಮ ಪಕ್ಕದಲ್ಲೇ. ಗೊರಗುಂಟೆಪಾಳ್ಯದಿಂದ ಬಸ್ಸು ಹತ್ತಿ ಯಶವಂತಪುರ ದಾಟಿದರೆ ಟಾಟಾ ಇನ್‌ಸ್ಟಿಟ್ಯೂಟ್ ಸಿಗುತ್ತದೆ. ಅಲ್ಲಿ ಆಚಾರ್ಯ ಎಂಬ ವಿಜ್ಞಾನಿ 1939ರಲ್ಲಿ ಒಂದು ಪದ್ಧತಿ ಕಂಡುಹಿಡಿದರು. ಆಗ ಊರಿನ ಕಸವನ್ನೂ ಮನುಷ್ಯರ ಮಲವನ್ನೂ ಏನು ಮಾಡುವುದು ಎಂಬ ಚಿಂತೆ ಇತ್ತು. ಅವರು ಎರಡನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿಸಿ, ಮೇಲೆ ಮಣ್ಣು ಮೆತ್ತಿಸಿದರು. ನೊಣ ಇಲ್ಲ. ವಾಸನೆ ಇಲ್ಲ. ಆರೆಂಟು ತಿಂಗಳಲ್ಲಿ ಒಳ್ಳೆಯ ಗೊಬ್ಬರ. ಪ್ರಪಂಚದ ಪುಸ್ತಕಗಳಲ್ಲಿ ಇದನ್ನು 'ಬೆಂಗಳೂರು ಪದ್ಧತಿ' ಅಂತಲೇ ಕರೆಯುತ್ತಾರೆ. ನಮ್ಮ ಊರಿನ ಹೆಸರು ಗೊಬ್ಬರಕ್ಕೆ ಇದೆ ಎಂದು ಒಬ್ಬಳು ನಕ್ಕಳು. ನಗಲಿ. ಒಳ್ಳೆಯ ಹೆಸರೇ ಅದು.

ಮನೆಯ ಮಟ್ಟಿಗೆ ಹೀಗೆ ಮಾಡಬಹುದು. ಮೂರು ಅಡಿ ಆಳದ ಗುಂಡಿ ತೆಗೆಯಿರಿ. ಅದಕ್ಕಿಂತ ಆಳ ಬೇಡ. ಅಗಲ ಐದಾರು ಅಡಿ. ಉದ್ದ ನಿಮ್ಮ ದನಗಳ ಲೆಕ್ಕಕ್ಕೆ ತಕ್ಕಂತೆ. ಮಳೆ ನೀರು ನುಗ್ಗದ ಎತ್ತರದ ಜಾಗ ಇರಲಿ. ಸುತ್ತ ಸಣ್ಣ ಬದು ಹಾಕಿ. ಮೇಲೆ ಮರದ ನೆರಳೋ ಗರಿಯ ಚಪ್ಪರವೋ ಇದ್ದರೆ ಒಳ್ಳೆಯದು. ತಳಕ್ಕೆ ಕಡ್ಡಿಕಸ, ತರಗು, ಹೊಂಗೆ ಸೊಪ್ಪು, ದನ ತಿಂದು ಬಿಟ್ಟ ಹುಲ್ಲು, ಅರ್ಧ ಅಡಿ. ಅದರ ಮೇಲೆ ಸಗಣಿ, ಗಂಜಲ ನೆಂದ ಮಣ್ಣು. ಮತ್ತೆ ಕಸ, ಮತ್ತೆ ಸಗಣಿ. ಒಣಗಿದ್ದರೆ ನೀರು ಚಿಮುಕಿಸಿ. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ನೆಲದಿಂದ ಒಂದಡಿ ಮೇಲೆ ಬಂದಾಗ ಗೋಪುರದ ಹಾಗೆ ಮಾಡಿ, ಮಣ್ಣು ಸಗಣಿ ಕಲಸಿ ಮೆತ್ತಿಬಿಡಿ. ಗೋಡೆ ಮೆತ್ತುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಬಾಟ್ಲಿ, ಬ್ಲೇಡು, ಪ್ಲಾಸ್ಟಿಕ್, ಬ್ಯಾಟರಿ, ಸೂಜಿ ಇವು ತಿಪ್ಪೆಗೆ ಬೇಡವೇ ಬೇಡ. ನಮ್ಮ ಅಕ್ಕನ ಕಾಲು ನೋಡಿದ್ದೀರಲ್ಲ.

ತಿಪ್ಪೆಯ ಒಳಗೆ ಬೆಂಕಿ ಇಲ್ಲದೆ ಶಾಖ ಹುಟ್ಟುತ್ತದೆ. ಆ ಶಾಖವೇ ಕ್ರಿಮಿಗಳನ್ನು ಕೊಲ್ಲುವುದು. ಶಾಖ ಇದೆಯೋ ಇಲ್ಲವೋ ನೋಡಲು ಹಾರೆ ಸಾಕು. ಹಾರೆಯನ್ನು ತಿಪ್ಪೆಯ ನಡುವಿಗೆ ಚುಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿ ಮುಟ್ಟಿ ನೋಡಿ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಒಳಗೆ ಕೆಲಸ ನಡೀತಿದೆ. ತಣ್ಣಗಿದ್ದರೆ ಇಲ್ಲ. ಒಂದು ವಿಷಯ. ನಡುವೆ ಬಿಸಿ ಇರುತ್ತದೆ, ಅಂಚಿನಲ್ಲಿ ಇರುವುದಿಲ್ಲ. ಆದ್ದರಿಂದ ಕೈಲಾದವರು ತಿಂಗಳಿಗೊಮ್ಮೆ ಅಂಚಿನದ್ದನ್ನು ಒಳಗೆ, ಒಳಗಿನದ್ದನ್ನು ಹೊರಗೆ ಮಗುಚಿದರೆ ಬೇಗ ಮಾಗುತ್ತದೆ. ಮಗುಚಲು ಆಳಿಲ್ಲದವರು ಮಣ್ಣು ಮೆತ್ತಿ, ಆರೆಂಟು ತಿಂಗಳು ಬಿಡಬೇಕು. ಶ್ರಮ ಕೊಡಿ, ಇಲ್ಲವೇ ಕಾಲ ಕೊಡಿ. ಎರಡೂ ಕೊಡದೆ ಆಗುವುದಿಲ್ಲ.

ಮಾಗಿದ ಗೊಬ್ಬರ ಕಪ್ಪಗೆ ಪುಡಿ ಪುಡಿಯಾಗಿರುತ್ತದೆ. ಸಗಣಿಯ ನಾತ ಇರುವುದಿಲ್ಲ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ರಾಶಿ ಅರ್ಧಕ್ಕೆ ಇಳಿದಿರುತ್ತದೆ. ಅಂದರೆ ನೀವು ತಲೆಯ ಮೇಲೆ ಹೊರಬೇಕಾದ ಮಂಕರಿಗಳೂ ಕಡಿಮೆ! ಕಳೆಯ ಬೀಜ ಶಾಖಕ್ಕೆ ಸತ್ತಿರುತ್ತದೆ. ಕಳೆ ಕೀಳುವವರು ಯಾರು? ನಾವೇ ಅಲ್ವಾ? ಸರಿಯಾಗಿ ಮಾಗದ ಗೊಬ್ಬರದ ಜೊತೆ ಗೊಣ್ಣೆಹುಳು ಹೊಲಕ್ಕೆ ಹೋಗಿ ಬೇರು ಕಡಿಯುತ್ತದೆ. ತೆಂಗಿನ ಸುಳಿ ಕೊರೆಯುವ ಕರಿ ದುಂಬಿಯೂ ತಿಪ್ಪೆಯಲ್ಲೇ ಮರಿ ಮಾಡುತ್ತದೆ. ಬಿಳಿ ದಪ್ಪ ಹುಳು ಕಂಡರೆ ಆರಿಸಿ ಕೋಳಿಗೆ ಹಾಕಿ.

ಇನ್ನು ಹೊಲಕ್ಕೆ ಹೊಡೆಯುವ ಮಾತು. ನಮ್ಮ ಕಡೆ ಬೇಸಿಗೆಯಲ್ಲೇ ಗೊಬ್ಬರ ತಂದು ಹೊಲದ ತುಂಬ ಗುಪ್ಪೆ ಗುಪ್ಪೆ ಹಾಕಿ ಬಿಡುತ್ತಾರೆ. ಬಿಸಿಲಿಗೆ ಒಣಗುತ್ತದೆ. ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದು ರಾಗಿಗೆ ಸೇರಬೇಕಾಗಿದ್ದ ಸತ್ವ. ಗಾಳಿಗೆ ಹೋಯಿತು. ಉಳಿದದ್ದು ಮೊದಲ ಬಿರುಮಳೆಗೆ ಕೊಚ್ಚಿಹೋಗುತ್ತದೆ. ಅದರ ಬದಲು ಗೊಬ್ಬರ ತಿಪ್ಪೆಯಲ್ಲೇ ಮುಚ್ಚಿಕೊಂಡು ಇರಲಿ. ನೆಲ ಹದವಾದಾಗ ಹರಡಿ, ಅವತ್ತೇ ಉಳುಮೆ ಮಾಡಿಸಿ ಮಣ್ಣಿಗೆ ಸೇರಿಸಿ. ಮೋಡ ಕಟ್ಟಿ ಜೋರು ಮಳೆ ಬರುವ ಹಾಗಿದ್ದರೆ ಅವತ್ತು ಹರಡಬೇಡಿ. ಮಳೆಯಾಶ್ರಯದ ರಾಗಿಗೆ ಎಕರೆಗೆ ಸುಮಾರು 3 ಟನ್ ಸಾಕು. ಬಾವಿ, ಬೋರ್‌ವೆಲ್ ಸುತ್ತ 100 ಅಡಿ ಬಿಡಿ. ಕೆರೆ, ಕಾಲುವೆ ಪಕ್ಕದ ಬದುವಿನಲ್ಲಿ ಹುಲ್ಲು ಬೆಳೆಯಲಿ, ಕೆತ್ತಬೇಡಿ. ಆ ಹುಲ್ಲು ಕೊಚ್ಚಿ ಬರುವ ಮಣ್ಣನ್ನು, ಗೊಬ್ಬರವನ್ನು ತಡೆಯುತ್ತದೆ. ದನಕ್ಕೂ ಆಯಿತು.

ಸೊಪ್ಪು, ಮೂಲಂಗಿ, ಕ್ಯಾರೆಟ್, ಟೊಮೆಟೊ ಇವಕ್ಕೆ ಹಸಿ ಗೊಬ್ಬರ ಹಾಕಲೇಬೇಡಿ. ಅಮೆರಿಕದಲ್ಲಿ ಸಾವಯವ ಬೆಳೆಗಾರರಿಗೆ ಒಂದು ನಿಯಮ ಇದೆ. ಮಣ್ಣಿಗೆ ತಾಗುವ ತರಕಾರಿಯಾದರೆ, ಹಸಿ ಗೊಬ್ಬರ ಹಾಕಿದ ಮೇಲೆ 120 ದಿನ ಕಳೆಯದೆ ಕೀಳುವಂತಿಲ್ಲ. ನಮ್ಮ ಕೊತ್ತಂಬರಿ 40-45 ದಿನಕ್ಕೇ ಕೊಯ್ಲಿಗೆ ಬರುತ್ತದೆ. ಲೆಕ್ಕ ನೀವೇ ಮಾಡಿ.

ಕೋಳಿ ಗೊಬ್ಬರ ಇನ್ನೂ ಖಾರ. ಹಸಿಯಾಗಿ ಹಾಕಿದರೆ ಸಸಿ ಸುಟ್ಟುಹೋಗುತ್ತದೆ. ಲಾರಿಯಲ್ಲಿ ತಂದು ರಸ್ತೆ ಪಕ್ಕ ಸುರಿದರೆ ಊರೆಲ್ಲ ನೊಣ. ತರಗು, ಒಣಹುಲ್ಲು ಬೆರೆಸಿ, ಮುಚ್ಚಿ ಮಾಗಿಸಿಯೇ ಬಳಸಬೇಕು.

ಹಸು ಕಂದು ಹಾಕಿದರೆ ಆ ಕಂದನ್ನೂ ಮಾಸನ್ನೂ ತಿಪ್ಪೆಗೆ ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಬಸುರಿಯರು ಹತ್ತಿರವೇ ಹೋಗಬೇಡಿ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿಸಿ. ದನದ ಡಾಕ್ಟರಿಗೆ ಹೇಳಿ. ಆ ರೋಗ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಹಸಿ ಹಾಲಿನಿಂದಲೂ ಬರುತ್ತದೆ, ಕಾಯಿಸಿಯೇ ಕುಡಿಯಿರಿ.

ಪಾಯಿಖಾನೆ ಗುಂಡಿಯ ಮಾತನ್ನೂ ಆಡಬೇಕು. ಬೆಂಗಳೂರಿನ ಸುತ್ತ ಟ್ಯಾಂಕರ್ ಗಾಡಿಗಳು ಮನೆ ಮನೆಯ ಗುಂಡಿ ಖಾಲಿ ಮಾಡುತ್ತವೆ. ಅದನ್ನು ಬಾಳೆ, ತೆಂಗಿನ ತೋಟಕ್ಕೆ ಬಿಡಿಸಿಕೊಳ್ಳುವ ರೈತರಿದ್ದಾರೆ. ಬೆಳೆ ಚೆನ್ನಾಗಿಯೇ ಬರುತ್ತದೆ. ಆದರೆ ಆ ತೋಟದಲ್ಲಿ ಬರಿಗಾಲಲ್ಲಿ ಕಳೆ ಕೀಳುವವರು ಯಾರು? ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಹೋಗುತ್ತದೆ. ರಕ್ತ ಹೀರುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಹೆಂಗಸರು ಇನ್ನೂ ಬಿಳಿಚಿಕೊಳ್ಳುತ್ತಾರೆ. ತೋಟದ ಲಾಭ ಒಬ್ಬರಿಗೆ, ಹುಳು ಇನ್ನೊಬ್ಬರಿಗೆ. ಇದು ನ್ಯಾಯ ಅಲ್ಲ.

ದೇವನಹಳ್ಳಿಯಲ್ಲಿ ಬೇರೆ ದಾರಿ ಹಿಡಿದರು. 2015ರಲ್ಲಿ ಅಲ್ಲಿನ ಪುರಸಭೆಗೆ ಗುಂಡಿ ಮಲವನ್ನು ಶುದ್ಧ ಮಾಡುವ ಘಟಕ ಬಂತು. ಟ್ಯಾಂಕರ್ ತಂದದ್ದನ್ನು ಕೊಳೆಯಿಸಿ, ಒಣಗಿಸಿ, ಊರಿನ ಹಸಿ ಕಸದ ಜೊತೆ ರಾಶಿ ಹಾಕಿ ಶಾಖ ಬರಿಸಿ ಗೊಬ್ಬರ ಮಾಡಿದರು. ರೈತರು ಅದನ್ನು ಕೊಂಡರು. ನೋಡಿ, ಮೂಲದಲ್ಲಿ ಇದು 1939ರ ಮಾತೇ. ಮನೆಯಲ್ಲಿ ಎರಡು ಗುಂಡಿಯ ಪಾಯಿಖಾನೆ ಇದ್ದರೆ, ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಡಿ. ಆಮೇಲೆ ಒಣಗಿದ ಗೊಬ್ಬರ ಸಿಗುತ್ತದೆ. ಯಾವ ಮಲದ ಗುಂಡಿಗೂ ಯಾರನ್ನೂ ಇಳಿಸಬೇಡಿ. ಒಳಗಿನ ಗಾಳಿ ಒಂದೇ ಉಸಿರಿಗೆ ಕೊಲ್ಲಬಹುದು. ಸೆಪ್ಟಿಕ್ ಟ್ಯಾಂಕಿಗೆ ಹಾಗೆ ಆಳು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ.

ಕಾಲು ಕುಂಟುತ್ತಿದ್ದ ಅಕ್ಕನಿಗೆ ಗಾಯ ಮಾಗಿತು. ಮುಂದಿನ ಸಲ ಊರಿಗೆ ಹೋಗುವಾಗ ಪೀಣ್ಯದ ಅಂಗಡಿಯಲ್ಲಿ ರಬ್ಬರ್ ಬೂಟು ಕೊಂಡಳು. ಅತ್ತೆಗೂ ಒಂದು ಜೊತೆ. ಅತ್ತೆ ಮೊದಲು ನಕ್ಕರಂತೆ, ಆಮೇಲೆ ಹಾಕಿಕೊಂಡರಂತೆ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಯಾರೂ ಮಗು ಎತ್ತಿಕೊಳ್ಳಬಾರದು ಅಂತಲೂ ಹೇಳಿ ಬಂದಳು.

ತಿಪ್ಪೆಯಿಂದ ಬಾವಿಗೆ ಎಷ್ಟು ದೂರ ಅಂತ ಹೆಜ್ಜೆ ಎಣಿಸಿದಳು. ನಮ್ಮ ಒಂದು ಹೆಜ್ಜೆ ಸುಮಾರು ಎರಡು ಅಡಿ. 50 ಹೆಜ್ಜೆ ಇರಬೇಕಿತ್ತು. ಇದ್ದದ್ದು 18.

"ತಿಪ್ಪೆ ಆಚೆಗೆ ಹಾಕೋಣ ಅಂದೆ ಮೇಡಂ. ಆಚೆ ಜಾಗ ಮೈದುನನ ಪಾಲಿಗೆ ಬಂದಿದೆ. ಅವ್ನು ಒಪ್ತಿಲ್ಲ. ಅದೇ ಬಾವಿ ನೀರು ಅವನ ಮಕ್ಕಳೂ ಕುಡಿಯೋದು. ಮಳೆಗಾಲದೊಳಗೆ ಒಪ್ಪಿಸ್ಬೇಕು. ಓರಗಿತ್ತಿ ಹತ್ರ ಮಾತಾಡ್ತಿದ್ದೀನಿ."

ಅವಳ ನೋಟ್ ಪುಸ್ತಕದಲ್ಲಿ ಆ ದಿನದ ಹಾಳೆಯ ಮೇಲೆ ಅವಳದೇ ಅಕ್ಷರ ಇದೆ. ತಿಪ್ಪೆ, ಬಾವಿ, 18 ಹೆಜ್ಜೆ.

ನಿಮ್ಮ ಊರಿಗೆ ಹೋದಾಗ ನೀವೂ ಎಣಿಸಿ. ತಿಪ್ಪೆಯಿಂದ ಬಾವಿಗೆ, ತಿಪ್ಪೆಯಿಂದ ಅಡಿಗೆಮನೆಗೆ, ತಿಪ್ಪೆಯಿಂದ ಮಕ್ಕಳು ಆಡುವ ಜಾಗಕ್ಕೆ. ಮೂರನ್ನೂ ಬರೆದುಕೊಂಡು ಬನ್ನಿ. ಮುಂದಿನ ತರಗತಿಯಲ್ಲಿ ಓದೋಣ.